ಅರವತ್ಮೂರನೇ ಗುಡಿಸಲು

ಇದನ್ನು ಹೇಳಹೊರಟಿದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಗುಡಿಸಲಲ್ಲಿ ಬದುಕಿದವರು ತಮ್ಮ ಬಾಯಲ್ಲೇ ಹೇಳಬೇಕಾದ ಸಂಗತಿ ಇದು. ಮೇಜಿನ ಈಚೆ ಕೂತವರ ಕಡೆಯಿಂದ ಹೇಳಿದರೆ ಅರ್ಧವೇ ಆದೀತು, ಆ ಅರ್ಧದಲ್ಲೂ ತಪ್ಪುಗಳಿದ್ದಾವು. ಆದರೂ ಯಾರೂ ಹೇಳದೆ ಉಳಿದರೆ ಹೀಗೊಬ್ಬ ಹೆಣ್ಣುಮಗಳು ಆ ಊರಲ್ಲಿ ಇದ್ದಳೆಂಬುದೇ ಇಲ್ಲವಾಗುತ್ತದೆ. ಕಾಗದದಲ್ಲಂತೂ ಈಗಾಗಲೇ ಇಲ್ಲ. ಆ ಅಳುಕಿನಲ್ಲೇ ಇದನ್ನು ಬರೆದದ್ದು.

ಅದು ಎಪ್ಪತ್ತಾರನೇ ಇಸವಿ. ಚಿತ್ರದುರ್ಗ ಆಗ ಕೋಟೆಗೆ ಬೆನ್ನು ಹಾಕಿ ಹೆದ್ದಾರಿಯ ಕಡೆಗೆ ಬೆಳೆಯತೊಡಗಿತ್ತು. ಎಣ್ಣೆ ಗಿರಣಿ, ಹತ್ತಿ ಗಿರಣಿ, ಲಾರಿ ಆಫೀಸು ಅಂತ ಒಂದರ ಪಕ್ಕ ಒಂದು ಎದ್ದವು. ಹಿರಿಯೂರು, ಹೊಸದುರ್ಗದ ಕಡೆಯ ಹಳ್ಳಿಗಳಿಂದ ಮೂಟೆ ಹೊರಲು, ಕಡಲೆಕಾಯಿ ಸುಲಿಯಲು ಬಂದ ಜನ ಊರಾಚೆಯ ಕೆರೆಯಂಗಳದಲ್ಲಿ ಗುಡಿಸಲು ಹಾಕಿಕೊಂಡರು. ಮೊದಲ ವರ್ಷ ಹತ್ತು, ಮರುವರ್ಷ ಮೂವತ್ತು. ಆಮೇಲೆ ಯಾರೂ ಲೆಕ್ಕ ಇಡಲಿಲ್ಲ. ಅಷ್ಟೂ ಜನಕ್ಕೆ ಗಿರಣಿಯ ಗೋಡೆಯ ಹತ್ತಿರ ಒಂದೇ ಒಂದು ನಲ್ಲಿ. ಬೆಳಿಗ್ಗೆ ಅದರ ಮುಂದಿನ ಜಗಳ ಹೆದ್ದಾರಿಯವರೆಗೂ ಕೇಳುತ್ತಿತ್ತು. ಮಳೆ ಬಂದರೆ ಕೆರೆಯ ನೀರು ಒಲೆಯವರೆಗೂ ಬರುತ್ತಿತ್ತು.

ಇವರನ್ನೆಲ್ಲ ಎಬ್ಬಿಸಿ ಮದಕರಿಪುರದ ರಸ್ತೆಯಲ್ಲಿ ಒಂದು ಹೊಸ ಬಡಾವಣೆ ಮಾಡಿ, ಕುಟುಂಬಕ್ಕೊಂದರಂತೆ ಇಪ್ಪತ್ತು ಅಡಿಗೆ ಮೂವತ್ತು ಅಡಿ ನಿವೇಶನ ಕೊಡುವುದೆಂದು ತೀರ್ಮಾನವಾಯಿತು. ಕೆಟ್ಟ ಯೋಚನೆಯೇನಲ್ಲ. ಅಲ್ಲಿ ಎರಡು ಕೈಪಂಪು ಹಾಕಿಸಿದರು, ಸುಣ್ಣ ಬಳಿದ ಕಲ್ಲು ನೆಡಿಸಿದರು. ಮೊದಲು ಗುಡಿಸಲುಗಳ ಎಣಿಕೆ ಆಗಬೇಕಿತ್ತು. ಆ ಕೆಲಸ ನಡೆಸಿದ ಕಚೇರಿ ಯಾವುದೆಂದು ಇಲ್ಲಿ ಹೇಳುವುದಿಲ್ಲ. ಅಲ್ಲಿದ್ದವರು ಕೆಟ್ಟವರೇನೂ ಅಲ್ಲ.

ಎಣಿಕೆಗೆ ಹೋದವನು ಏಕಾಂತಪ್ಪ. ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಿಂದ ಬಂದವನು. ಹಗಲು ಬಟ್ಟೆ ಅಂಗಡಿಯಲ್ಲಿ ಥಾನು ಅಳೆದು, ಸಂಜೆ ತರಗತಿಯಲ್ಲಿ ಕೂತು, ಇಪ್ಪತ್ತೊಂಬತ್ತನೇ ವಯಸ್ಸಿಗೆ ಪರೀಕ್ಷೆ ಮುಗಿಸಿದವನು. ಕಚೇರಿಯಲ್ಲಿ ಅವನದು ತಾತ್ಕಾಲಿಕ ಗುಮಾಸ್ತಿಕೆ. ಆರು ತಿಂಗಳಿಗೊಮ್ಮೆ ಮುಂದುವರಿಸಬೇಕು, ಮುಂದುವರಿಸದಿದ್ದರೆ ಕೇಳುವಂತಿಲ್ಲ. ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುವ ಸ್ವಭಾವ ಅವನದು.

ಹೊರಡುವ ಮುಂಚೆ ಹೆಡ್ ಗುಮಾಸ್ತ ಮುರುಗಪ್ಪ ಕರೆದು ಕೂರಿಸಿಕೊಂಡ.

"ನೋಡಪ್ಪ ಏಕಾಂತಪ್ಪ, ಬಾಗ್ಲು ಮುಚ್ಚಿದ ಗುಡ್ಲಿಗೆ ನಂಬರ್ ಹಾಕಬ್ಯಾಡ. ಮನುಷ್ಯರು ಎಲ್ಲಿ ಮಲಗ್ತಾರೋ ಅಲ್ಲಿಗೆ ಹಾಕು, ಅವರನ್ನ ಕಣ್ಣಾರೆ ನೋಡಿ ಹಾಕು. ಇನ್ನೊಂದು ಊರಾಗೆ ಏನಾತು ಗೊತ್ತೇನು? ಒಬ್ಬ ಪುಣ್ಯಾತ್ಮ ಎಮ್ಮೆ ಕೊಟ್ಟಿಗೆಗೂ ನಂಬರ್ ಹಾಕ್ಕಂಡು ಬಂದಿದ್ದ. ಎಮ್ಮೆಗೆ ಸೈಟು!"

ಪಕ್ಕದ ಮೇಜಿನವರು, "ಎಮ್ಮೆ ಹೆಬ್ಬೆಟ್ಟು ಒತ್ತಿತ್ತೇನ್ರಿ?" ಎಂದು ನಕ್ಕರು. ಏಕಾಂತಪ್ಪ ನಗಲಿಲ್ಲ. ಮುರುಗಪ್ಪ ಹೇಳಿದ್ದನ್ನು ಪುಸ್ತಕದ ಮೊದಲ ಹಾಳೆಯಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದ.

ಎರಡನೇ ದಿನದ ಮಧ್ಯಾಹ್ನಕ್ಕೆ ಕೆರೆಯಂಗಳದ ಒಂದು ಅಂಚಿಗೆ ಬಂದ. ಅಲ್ಲಿ ಜಾಲಿ ಮುಳ್ಳಿನ ಬೇಲಿಯೊಳಗೆ ದುಂಡಗೆ ಹತ್ತು ಗುಡಿಸಲು. ಹಿರಿಯೂರಿನ ಕಡೆಯ ಒಂದು ಹಟ್ಟಿಯಿಂದ, ಕುರಿ ಮಾರಿ ಬಂದಿದ್ದ ಗೊಲ್ಲರ ಹತ್ತು ಮನೆ. ಪಟ್ಟಣಕ್ಕೆ ಬಂದರೂ ಅವರು ಬೇಲಿ ಬಿಟ್ಟಿರಲಿಲ್ಲ. ಹಿರಿಯ ಕಾಟಲಿಂಗಪ್ಪ ಬೇಲಿಯ ಬಾಯಲ್ಲೇ ಕೈ ಅಡ್ಡ ಹಿಡಿದ.

"ಚಪ್ಪಲಿ ಅಲ್ಲೇ ಬಿಟ್ಟು ಬರ್ರಿ ಸಾಮಿ. ನಿಮ್ಮ ನಂಬರಿಗೆ ಬ್ಯಾಡ ಅನ್ನಲ್ಲ, ಚಪ್ಪಲಿಗೆ ಮಾತ್ರ ಬ್ಯಾಡ ಅಂತೀವಿ."

ಒಂಬತ್ತು ಗುಡಿಸಲುಗಳಲ್ಲಿ ಜನರಿದ್ದರು. ತಗಡಿನ ನಂಬರು ಹೊಡೆದು, ಚೀಟಿ ಬರೆದು ಕೊಟ್ಟು ಅರವತ್ತೆರಡಕ್ಕೆ ಬಂದ. ಹತ್ತನೆಯದರ ತಟ್ಟಿ ಬಾಗಿಲಿಗೆ ಹಗ್ಗ ಬಿಗಿದಿತ್ತು.

"ಇದು ಯಾರ್ದು?"

"ನಮ್ಮ ಚಿತ್ತಯ್ಯಂದು, ನನ್ನ ತಮ್ಮನ ಮಗ. ಲಾರಿ ಮ್ಯಾಲೆ ಹೋಗ್ಯವ್ನೆ, ಭೀಮಸಮುದ್ರದಿಂದ ಅಡಿಕೆ ಮೂಟೆ ಹೇರ್ಕಂಡು. ನಾಳಿದ್ದು ಬತ್ತಾನೆ."

"ಹೆಂಡ್ತಿ?"

"ಹೊರಗವಳೆ," ಎಂದು ಮುದುಕ ಬೇಲಿಯಾಚೆಗೆ ಮುಖ ತಿರುಗಿಸಿದ. "ಕೂಸಾಗಿ ಹದಿನೆಂಟು ದಿನ."

ಬೇಲಿಯಿಂದ ಅರವತ್ತು ಹೆಜ್ಜೆ ಆಚೆ, ಲಂಟಾನದ ಪೊದೆಯ ಮಗ್ಗುಲಲ್ಲಿ, ಸೊಂಟದೆತ್ತರದ ಒಂದು ಸೋಗೆಯ ಗುಡಿಸಲು ಕಾಣಿಸಿತು. ಹೆತ್ತವಳು ಕೂಸಿನ ಜೊತೆಗೆ ಎರಡು ತಿಂಗಳು ಬೇಲಿಯ ಹೊರಗೆ ಇರಬೇಕೆಂಬುದು ಆ ಹತ್ತು ಮನೆಯವರ ಕಟ್ಟಳೆ. ಗಂಡಸರು ಅತ್ತ ಹೋಗುವಂತಿಲ್ಲ. ಅನ್ನ ನೀರು ಹೆಂಗಸರು ತಂದಿಟ್ಟು ಬರುತ್ತಾರೆ. ಇಷ್ಟನ್ನು ಕಾಟಲಿಂಗಪ್ಪ ಹೇಳಿದ. ಅವರ ನಡುವೆ ಎಲ್ಲರಿಗೂ ಗೊತ್ತಿದ್ದ ಇನ್ನೊಂದು ಮಾತನ್ನು ಹೇಳಲಿಲ್ಲ. ಗೊತ್ತಿಲ್ಲದವರೂ ಇರುತ್ತಾರೆಂದು ಅವನಿಗೆ ಹೊಳೆದಿರಲಾರದು.

"ಇದಕ್ಕೇ ಹಾಕ್ರಿ ಸಾಮಿ ನಂಬರ್ನ. ಅವರ ಮನೆ ಇದೇ."

"ಮುಚ್ಚಿದ ಬಾಗ್ಲಿಗೆ ಹಾಕಂಗಿಲ್ಲ ಅಜ್ಜಾರೆ. ಅವರು ಮಲಗೋದೆಲ್ಲೋ ಅಲ್ಲಿಗೇ ಹಾಕ್ಬೇಕು."

"ಅಲ್ಲಿಗಾ?" ಮುದುಕ ಅವನ ಮುಖ ನೋಡಿದ. "ನಿಮ್ಮ ಕಾಯ್ದೆ ನಿಮಗೆ ಗೊತ್ತಪ್ಪ."

ಬೇರೆ ಗುಮಾಸ್ತನಾಗಿದ್ದರೆ ಅಲ್ಲಿಂದಲೇ ಹಿಂದಿರುಗುತ್ತಿದ್ದ. ಬಿಸಿಲು ಹಾಗಿತ್ತು. ಏಕಾಂತಪ್ಪ ಹೋಗಲಿಲ್ಲ. ಒಂದು ಬಾಣಂತಿ ಪಟ್ಟಿಯಿಂದ ಬಿಟ್ಟುಹೋಗಬಾರದೆಂದು, ಅಲ್ಲಿಯೂ ಹಾಕಿಕೊಳ್ಳಬಹುದೋ ಇಲ್ಲವೋ ತಿಳಿಯದೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಮುಳ್ಳು ತುಳಿಯುತ್ತ ಅರವತ್ತು ಹೆಜ್ಜೆ ನಡೆದ.

ಗುಡಿಸಲಿನಿಂದ ದೂರದಲ್ಲಿ ಚಿತ್ತಯ್ಯನ ತಾಯಿ ಗಂಗಕ್ಕ ಮುದ್ದೆಯ ತಟ್ಟೆ ಇಟ್ಟು ಕೂತಿದ್ದಳು. ಒಳಗೆ ಇಪ್ಪತ್ತರ ಆಸುಪಾಸಿನ ಹುಡುಗಿ, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿ ನೋಡಿದಳು. ಅವನು ಹತ್ತು ಮಾರು ದೂರದಲ್ಲೇ ನಿಂತ.

"ಹೆಸರೇನಮ್ಮ?"

"ಯಲ್ಲಕ್ಕ ಅಂತ ಬರ್ಕಳ್ರಿ," ಎಂದಳು ಗಂಗಕ್ಕ.

"ಆಕೇನೇ ಹೇಳ್ಬೇಕು."

"ಯಾಕ್ರಿ, ನಾನು ಹೇಳಿದ್ರೆ ಹೆಸ್ರು ಬೇರೆ ಆಗುತ್ತಾ?"

"ಯಲ್ಲಕ್ಕ," ಎಂದಿತು ಒಳಗಿನ ದನಿ. "ಸಾಮಿ, ಇದು ನಮ್ಮನೆ ಅಲ್ಲ. ನಮ್ದು ಒಳಗೈತೆ."

ಗುಡಿಸಲು ತೀರ ಚಿಕ್ಕದೆಂದು ಹುಡುಗಿ ಸಂಕೋಚಪಡುತ್ತಿದ್ದಾಳೆ ಎಂದುಕೊಂಡ ಏಕಾಂತಪ್ಪ. "ಇರ್ಲಮ್ಮ, ಮನೆ ಹೆಂಗಿದ್ರೂ ನಡೆಯುತ್ತೆ. ನೀವೆಲ್ಲಿದ್ದೀರೋ ಅಲ್ಲೇ ನಿಮ್ಮ ಲೆಕ್ಕ," ಎಂದು ಸಮಾಧಾನ ಹೇಳಿದ. ತಾನೇ ಮುಂದೆ ಹೋಗಿ ಮುಖ ಆಚೆ ತಿರುಗಿಸಿಕೊಂಡು ಕಂಬಕ್ಕೆ ಅರವತ್ಮೂರರ ತಗಡು ಬಡಿದ. ಚೀಟಿಯನ್ನು ಗಂಗಕ್ಕನಿಗೆ ಕೊಡಹೋದರೆ, ಆ ಗುಡಿಸಲು ಮುಟ್ಟಿದ ಕೈಯೆಂದು ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅದನ್ನು ನೆಲದ ಮೇಲೆ ಇಟ್ಟ. ಯಲ್ಲಕ್ಕ ಕೈ ಚಾಚಿ ತೆಗೆದುಕೊಂಡು ಸೋಗೆಯ ಸಂದಿಗೆ ಸಿಕ್ಕಿಸಿದಳು.

"ಜೋಪಾನ ಕಣಮ್ಮ. ಇದಿದ್ರೆ ಸೈಟು."

"ಹೂಂ ಸಾಮಿ."

ಆ ದಿನ ಮನೆಗೆ ಹೋದವನೇ ಕಾಲಿನ ಮುಳ್ಳು ತೆಗೆಸಿಕೊಳ್ಳುತ್ತ ಹೆಂಡತಿ ಕಮಲಮ್ಮನಿಗೆ, "ಇವತ್ತೊಬ್ಬ ಬಾಣಂತಿಗೆ ಸೈಟು ಉಳಿಸ್ದೆ ಕಣೆ," ಎಂದ. ಬಾಡಿಗೆಯ ಒಂದೇ ಕೋಣೆಯಲ್ಲಿ ಆರು ವರ್ಷದಿಂದ ಅಡಿಗೆ ಮಾಡುತ್ತಿದ್ದ ಕಮಲಮ್ಮ, "ನಮಗೊಂದು ಉಳಿಸ್ಕಂಡು ಬರಬಾರ್ದಾಗಿತ್ತಾ?" ಎಂದು ಮುಳ್ಳನ್ನು ಕಿತ್ತಳು.

ಪರಿಶೀಲನೆಗೆ ಮೇಲಧಿಕಾರಿ ಬಂದದ್ದು ಎರಡೂವರೆ ತಿಂಗಳ ಮೇಲೆ. ಜೀಪಿನಿಂದಿಳಿದು, ಪಟ್ಟಿ ಹಿಡಿದು, ಒಂದೊಂದೇ ನಂಬರು ಓದುತ್ತ ಬಂದರು. ಏಕಾಂತಪ್ಪ ಮುಂದೆ ಮುಂದೆ ಹೋಗಿ ತಗಡು ತೋರಿಸುತ್ತಿದ್ದ. ಅರವತ್ತೆರಡರವರೆಗೆ ಒಂದೂ ತಪ್ಪಿರಲಿಲ್ಲ. ಆ ಖುಷಿ ಅವನ ನಡಿಗೆಯಲ್ಲೇ ಇತ್ತು.

"ಎಲ್ರೀ ಅರವತ್ಮೂರು?"

ಲಂಟಾನದ ಪೊದೆಯ ಮಗ್ಗುಲಲ್ಲಿ ಕಪ್ಪಗೆ ದುಂಡಗಿನ ಒಂದು ಗುರುತು. ಅದರ ಮೇಲೆ ಆಗಲೇ ಗರಿಕೆ ಹಸಿರಾಗುತ್ತಿತ್ತು.

"ಸುಟ್ಟೀವಿ ಸಾಮಿ," ಎಂದ ಕಾಟಲಿಂಗಪ್ಪ.

"ಸುಟ್ರಾ?"

"ಹೂಂ. ತಾಯಿ ಮಗು ಮಿಂದು ಒಳಗೆ ಬಂದ ಮ್ಯಾಲೆ ಆ ಗುಡ್ಲು ಸುಡೋದೇ. ಇಟ್ಕಳಂಗಿಲ್ಲ."

ಇದೇ ಅವನು ಹೇಳದೆ ಬಿಟ್ಟಿದ್ದ ಮಾತು.

"ಚೀಟಿ ಎಲ್ಲಿ?" ಎಂದರು ಅಧಿಕಾರಿ.

ಗಂಗಕ್ಕ ಮುಂದೆ ಬಂದಳು. "ಅಲ್ಲಿದ್ದದ್ದು ಒಳಗೆ ತರಂಗಿಲ್ಲ ಸಾಮಿ. ಚಾಪೆ, ಚೀಟಿ, ಎಲ್ಲಾ ಅದರಾಗೇ ಹಾಕ್ದೆ. ನಾನೇ ಹಾಕ್ದೆ. ತಗಡು ಸುಡ್ಲಿಲ್ಲ, ಅದನ್ನ ಕೆರೆಗೆ ಎಸೆದ್ವಿ. ಪಟ್ಟಿಯಾಗೆ ಹೆಸ್ರು ಐತಲ್ಲ? ಈ ಸಾಮೀನೇ ಬರ್ಕಂಡವ್ರೆ."

ಅಧಿಕಾರಿ ಬೇಸರದಿಂದಲೇ ನಕ್ಕರು. "ಸರಕಾರದ ಚೀಟೀನ ಸುಟ್ಟು, ತಗಡನ್ನ ಕೆರೆಗೆ ಎಸೆದು, ಈಗ ಸೈಟ್ ಕೊಡಿ ಅಂತೀರಾ? ಎಣಿಕೆ ದಿನ ಒಂದು ಗುಡಿಸಲು ಕಟ್ಟೋದು, ಮಾರನೇ ದಿನ ಕಿತ್ತು ಹಾಕೋದು. ನಾನು ಇದನ್ನ ಬೇಕಾದಷ್ಟು ಊರಲ್ಲಿ ನೋಡಿದ್ದೀನಿ."

ಬೇಲಿಯೊಳಗೆ ಹತ್ತನೇ ಗುಡಿಸಲಿನ ಬಾಗಿಲಲ್ಲಿ ಯಲ್ಲಕ್ಕ ನಿಂತಿದ್ದಳು. ಕೂಸು ಹೆಗಲ ಮೇಲಿತ್ತು. "ನಾನಿಲ್ಲೇ ಇದೀನಿ ಸಾಮಿ," ಎಂದು ಕೂಗಿದಳು. "ಚೀಟಿ ಸುಟ್ಟೈತೆ, ನಾನು ಸುಟ್ಟಿಲ್ಲ!"

"ಆ ಗುಡಿಸಲಿಗೆ ನಂಬರ್ ಇಲ್ಲಮ್ಮ. ನಂಬರ್ ಇದ್ದದ್ದಕ್ಕೆ ಗುಡಿಸಲಿಲ್ಲ." ಅವರು ಕೆಂಪು ಶಾಯಿಯಲ್ಲಿ ಅರವತ್ಮೂರರ ಮೇಲೆ ಗೆರೆ ಎಳೆದರು.

"ಸಾರ್, ಅದು ನನ್ನ..." ಎಂದ ಏಕಾಂತಪ್ಪ. ಅಧಿಕಾರಿ ಅರವತ್ನಾಲ್ಕು ಎಂದು ಓದಿ ಮುಂದೆ ನಡೆದಿದ್ದರು. ಅವನು ಓಡಿಹೋಗಿ ಅರವತ್ನಾಲ್ಕರ ತಗಡು ತೋರಿಸಿದ. ಆ ಓಟವನ್ನು ಅವನು ಬಹಳ ದಿನ ಮರೆಯಲಿಲ್ಲ.

ಮರುದಿನ ಮುರುಗಪ್ಪನ ಮುಂದೆ ಎಲ್ಲ ಹೇಳಿಕೊಂಡ.

"ಬಿಟ್ಟುಹೋದೋರಿಗೆ ಅಂತ ಬೇರೆ ಪಟ್ಟಿ ಮಾಡ್ತಾರಂತಲ್ಲ ಸಾರ್? ಎಣಿಕೆ ದಿನ ಮನೇಲಿಲ್ಲದೋರು ಅರ್ಜಿ ಕೊಡಬಹುದು ಅಂತ. ಅದರಲ್ಲಿ ಸೇರಿಸೋಣ."

ಮುರುಗಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಆಕೆ ಎಲ್ಲಿ ಬಿಟ್ಟುಹೋಗ್ಯಾಳಲೇ? ಎಣಿಸಿ ಆಗೈತೆ, ಹೊಡೆದು ಹಾಕಿ ಆಗೈತೆ. ಎಣಿಸಿದೋರು ಆ ಪಟ್ಟಿಗೆ ಬರಂಗಿಲ್ಲ. ನೀನು ಆವತ್ತು ಬಿಸಿಲು ಅಂತ ಸುಮ್ನೆ ಮನೆಗೆ ಹೋಗಿದ್ದಿದ್ರೆ, ಈ ಹೊತ್ತು ಒಂದು ಅರ್ಜಿಯಾಗೆ ಆಕೆಗೆ ಸೈಟು ಆಗೋದು."

ಅವನು ಚುಚ್ಚಬೇಕೆಂದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ. ಏಕಾಂತಪ್ಪ ತನ್ನ ಮೇಜಿಗೆ ಬಂದು ಕೂತ. ಆಮೇಲೆ ಮೇಲಧಿಕಾರಿಗೆ ಒಂದು ಟಿಪ್ಪಣಿ ಬರೆಯತೊಡಗಿದ. ಮೊದಲು, ವಿಚಾರಿಸದೆ ನಂಬರು ಹಾಕಿದ ತಪ್ಪು ನನ್ನದು ಎಂದು ಬರೆದ. ಮುಂದಿನ ತಿಂಗಳು ತನ್ನ ಕೆಲಸ ಮುಂದುವರಿಸುವ ಕಾಗದ ಅದೇ ಅಧಿಕಾರಿಯ ಮುಂದೆ ಹೋಗುವುದಿತ್ತು. ಆ ಹಾಳೆ ಹರಿದ. ಎಣಿಕೆಯ ಕಾಲದಲ್ಲಿ ತಪ್ಪು ತಿಳಿವಳಿಕೆ ಉಂಟಾಗಿರಬಹುದು ಎಂದು ಬರೆದು ಕಳಿಸಿದ. ಮೊದಲನೆಯದನ್ನೇ ಕಳಿಸಿದ್ದರೆ ಏನಾದರೂ ಬದಲಾಗುತ್ತಿತ್ತೇ ಎಂದು ಆಮೇಲೆ ಎಷ್ಟೋ ಸಲ ತನ್ನನ್ನು ತಾನು ಕೇಳಿಕೊಂಡಿದ್ದಾನೆ.

ಒಂಬತ್ತು ದಿನಕ್ಕೆ ಉತ್ತರ ಬಂತು. ಸದರಿ ಮಹಿಳೆಗೆ ಮೂಲ ಊರಿನಲ್ಲಿ ಮನೆ ಇಲ್ಲವೆಂದು ಅಲ್ಲಿಂದ ಬರೆಸಿಕೊಂಡು ಬಂದರೆ ವಿಶೇಷ ಪ್ರಕರಣವೆಂದು ಪರಿಶೀಲಿಸಬಹುದು ಎಂದಿತ್ತು. ಏಕಾಂತಪ್ಪನಿಗೆ ಜೀವ ಬಂದ ಹಾಗಾಯಿತು. ಗುಡಿಸಲು ತೆರವಿಗೆ ಇನ್ನು ಆರು ದಿನ ಉಳಿದಿತ್ತು. ರಜ ಹಾಕಿ, ಯಲ್ಲಕ್ಕ, ಚಿತ್ತಯ್ಯರನ್ನು ಕರೆದುಕೊಂಡು ಹಿರಿಯೂರಿನ ಬಸ್ಸು ಹತ್ತಿದ.

ಬಸ್ಸಿನಲ್ಲಿ ಚಿತ್ತಯ್ಯ ಕಿಟಕಿಯಾಚೆ ನೋಡುತ್ತಲೇ ಹೇಳಿದ: "ನಾನು ಎರಡು ದಿನ ಇರ್ಲಿಲ್ಲ, ಅಷ್ಟರಾಗೆ ನನ್ನ ಮನೇನ ಲಂಟಾನದೊಳಗೆ ಕಳಿಸ್ಬಿಟ್ರಲ್ಲ ಸಾಮಿ ನೀವು."

"ಸುಮ್ಕಿರು," ಎಂದಳು ಯಲ್ಲಕ್ಕ.

"ಯಾಕೆ ಸುಮ್ಕಿರ್ಲಿ? ಕಡಲೆಕಾಯಿ ಮೂಟೆ ಎಣಿಸೋನೂ ಮೂಟೆ ಒಳಗೇನೈತೆ ಅಂತ ಒಂದ್ಸಲ ಕೇಳ್ತಾನೆ."

ಏಕಾಂತಪ್ಪ ಕೈಯಲ್ಲಿದ್ದ ಕಾಗದವನ್ನು ಮತ್ತೆ ಮಡಿಸಿ ಜೇಬಿಗಿಟ್ಟ.

ಹಿರಿಯೂರಿನಿಂದ ಇನ್ನೊಂದು ಬಸ್ಸು, ಅಲ್ಲಿಂದ ಎರಡು ಮೈಲಿ ನಡಿಗೆ. ಊರ ಲೆಕ್ಕ ಬರೆಯುವ ಸಣ್ಣತಿಮ್ಮಪ್ಪ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯನೇ. ಕೂರಿಸಿ ಮಜ್ಜಿಗೆ ಕೊಡಿಸಿದ.

"ಕುಂತ್ಕಳ್ರಿ, ಕುಂತ್ಕಳ್ರಿ. ಏನಮ್ಮ, ಕೂಸು ಹೆಣ್ಣಾ? ಚೆನ್ನಾಗೈತೆ." ಕಾಗದ ಓದಿ ತಲೆ ಕೆರೆದುಕೊಂಡ. "ಇವರಿಗೆ ಇಲ್ಲಿ ಮನೆ ಇಲ್ಲ ಅಂತ ಬರ್ಕೊಡಬೇಕಾ?"

"ಹೌದ್ರಿ. ಅಷ್ಟೇ ಸಾಕು."

"ಇಲ್ಲ ಅನ್ನೋದೇನೋ ದಿಟವೇ. ಹಟ್ಟಿ ಪೂರ್ತಿ ಬಿದ್ದೋಗೈತೆ. ಆದ್ರೆ ಸ್ವಾಮಿ, ಇವರು ಈ ಊರೋರು ಅಂತ ನನ್ನ ಪುಸ್ತಕದಾಗಿದ್ರೆ ತಾನೇ ಮನೆ ಇಲ್ಲ ಅಂತ ಬರೆಯೋದು? ಊರು ಬಿಟ್ಟು ಹೋದೋರ ಹೆಸ್ರು ತೆಗೀರಿ ಅಂತ ಹೋದ ವರ್ಷ ಹೇಳಿದ್ರು, ತೆಗೆದ್ವಿ. ಈಗ ಪುಸ್ತಕದಾಗೆ ಇಲ್ಲದೋರಿಗೆ ಏನಿಲ್ಲ ಅಂತ ಹೆಂಗೆ ಬರೀಲಿ?"

"ಇವರನ್ನ ನೀವು ನೋಡಿದೋರೇ ಅಲ್ವೇನ್ರಿ?"

"ನೋಡಿದೋರಾ? ಇವನ ಅಪ್ಪ ನನ್ನ ಹೊಲದಾಗೆ ಗೊಬ್ಬರಕ್ಕೆ ಅಂತ ಕುರಿ ತರುಬ್ತಿದ್ದ. ಅಂವ ಸತ್ತಾಗ ಮಣ್ಣಿಗೆ ಹೋಗಿದ್ದೀನಿ." ಸಣ್ಣತಿಮ್ಮಪ್ಪ ಎರಡೂ ಕೈ ಎತ್ತಿದ. "ನೋಡಿದ್ದಕ್ಕೆ ಸೀಲು ಹಾಕಕ್ಕೆ ಬರಲ್ವಲ್ಲ ಸ್ವಾಮಿ."

ಮೂವರೂ ಎದ್ದರು. ಬಿದ್ದುಹೋದ ಹಟ್ಟಿಯನ್ನು ಒಂದು ಸಲ ನೋಡಿ ಬರುತ್ತೇನೆಂದು ಚಿತ್ತಯ್ಯ ಅತ್ತ ಹೋದ. ಬಸ್ಸಿಗೆ ಕಾಯುತ್ತ ಹುಣಿಸೆಮರದ ಕೆಳಗೆ ಕೂತಾಗ ಯಲ್ಲಕ್ಕ ಕೇಳಿದಳು:

"ಹೊಸ ಜಾಗದಾಗೆ ಹೊರಗಿನ ಗುಡ್ಲಿಗೆ ಎಲ್ಲಿ ಬಿಟ್ಟವ್ರೆ ಸಾಮಿ?"

ಬಡಾವಣೆಯ ನಕ್ಷೆ ಅವನಿಗೆ ಕಂಠಪಾಠವಾಗಿತ್ತು. ನಿವೇಶನ, ಚರಂಡಿ, ರಸ್ತೆ, ಮತ್ತೆ ನಿವೇಶನ. ಕಲ್ಲಿಗೆ ಕಲ್ಲು ಅಂಟಿಕೊಂಡಿದ್ದವು. ಎಲ್ಲೂ ಹೊರಗು ಎಂಬುದಿರಲಿಲ್ಲ.

"ಬಿಟ್ಟಿಲ್ಲಮ್ಮ."

"ಹಂಗಾದ್ರೆ ಮುಂದಿನ ಸಲ ಹಡೆಯೋರು ಎಲ್ಲಿಗೆ ಹೋಗ್ಬೇಕು?"

"ಮನೇಲೇ ಇರಬಹುದಲ್ಲ?" ಎಂದ ಮೆಲ್ಲಗೆ. "ಆ ಗುಡ್ಲಾಗೆ ಮಳೆ ಚಳೀಲಿ ಇರೋದು ಕಷ್ಟ ಅಲ್ವಾ ನಿಮಗೆ?"

ಅವಳು ಕೂಸಿನ ಮೇಲಿನ ಸೆರಗು ಸರಿಮಾಡಿದಳು. "ಕಷ್ಟವೇ. ಒಂದಿನ ಹಾವು ಬಂದಿತ್ತು. ಆದ್ರೆ ಅದು ನಮ್ಮ ನಮ್ಮೊಳಗೆ ಆಡೋ ಮಾತು ಸಾಮಿ." ಅಷ್ಟು ಹೇಳಿ ಕೂಸಿಗೆ ಹಾಲೂಡಲು ಆ ಕಡೆಗೆ ತಿರುಗಿದಳು.

ತೆರವಿನ ದಿನ ಬೆಳಿಗ್ಗೆ ನಾಲ್ಕು ಲಾರಿ ಬಂದವು. ಪಟ್ಟಿ ಹಿಡಿದು ಹೆಸರು ಕೂಗುವ ಕೆಲಸ ಏಕಾಂತಪ್ಪನದೇ. ಕೂಗಿದವರು ಮಡಕೆ, ಕೋಳಿ, ತಟ್ಟಿ, ಮಕ್ಕಳನ್ನು ಹೊತ್ತು ಹತ್ತುತ್ತಿದ್ದರು. ಕೆಲವರು ನಗುತ್ತಿದ್ದರು, ತಮ್ಮದೇ ಜಾಗಕ್ಕೆ ಹೋಗುತ್ತೇವೆಂದು. ಒಬ್ಬಳು ನಲ್ಲಿಗೆ ಕೈಮುಗಿದು, "ನಿನ್ನ ಸವಾಸ ಸಾಕು ಕಣವ್ವ," ಎಂದಾಗ ಎಲ್ಲರೂ ನಕ್ಕರು.

ಗೊಲ್ಲರ ಬೇಲಿಯ ಸರದಿ ಬಂತು. ಕಾಟಲಿಂಗಪ್ಪ ಲಾರಿ ಹತ್ತದೆ ಅಧಿಕಾರಿಯ ಮುಂದೆ ಹೋಗಿ ನಿಂತ.

"ಬುದ್ಧಿ, ನನ್ನ ಸೈಟಾಗೇ ಅವರಿಗೂ ಒಂದು ಮೂಲೆ ಕೊಡ್ತೀನಿ. ಅವರನ್ನೂ ಹತ್ತಿಸ್ಕಳ್ರಿ."

"ಒಂದು ಸೈಟಿಗೆ ಒಂದೇ ಗುಡಿಸಲು. ಎರಡು ಕಂಡ್ರೆ ನಿನ್ನ ಚೀಟೀನೂ ರದ್ದಾಗುತ್ತೆ. ನಿಮ್ಮೋರದ್ದೆಲ್ಲ ಮತ್ತೆ ಪರಿಶೀಲನೆ ಮಾಡಬೇಕಾಗುತ್ತೆ, ನೋಡು."

ಮುದುಕ ತಿರುಗಿ ತನ್ನ ಒಂಬತ್ತು ಮನೆಯವರನ್ನು ನೋಡಿದ. ಒಬ್ಬ ನೆಲ ನೋಡಿದ, ಇನ್ನೊಬ್ಬ ಲಾರಿಯ ಹಗ್ಗ ಬಿಗಿಯತೊಡಗಿದ. ಹಿರಿಯ ಮಗನ ಚೀಟಿಯಲ್ಲಿ ಹೆಸರಿದ್ದ ಗಂಗಕ್ಕ ಲಾರಿಯೊಳಗೆ ಕೂತವಳು, "ನಾನೇ ಹಾಕ್ದೆ ಬೆಂಕಿಗೆ, ಇವೇ ಕೈ," ಎಂದು ಎರಡೂ ಅಂಗೈಯನ್ನು ಪಕ್ಕದವಳಿಗೆ ತೋರಿಸುತ್ತಿದ್ದಳು. ಆಮೇಲೆ ಇಳಿಯಹೋದಳು. ಹಿರಿಯ ಮಗ ರಟ್ಟೆ ಹಿಡಿದು ಕೂರಿಸಿದ.

"ಅರವತ್ತೆರಡು," ಎಂದು ಕೂಗಿದ ಏಕಾಂತಪ್ಪ. ಮುಂದೆ ಅರವತ್ನಾಲ್ಕು ಎಂದು ಕೂಗಬೇಕಿತ್ತು. ಅವನು ಪಟ್ಟಿಯ ಮೇಲಿನ ಕೆಂಪು ಗೆರೆಯನ್ನೇ ನೋಡುತ್ತ ನಿಂತ. ಅಧಿಕಾರಿ ಇತ್ತ ನೋಡಿದರು. ಅವನು ಕೂಗಿದ.

ಯಲ್ಲಕ್ಕ ತನ್ನ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಲಾರಿಗಳು ಹೊರಡುವ ಮುಂಚೆ ಅವನು ಅವಳ ಹತ್ತಿರ ಹೋದ. ಅವಳೇ ಮಾತಾಡಿದಳು.

"ನಿಮ್ಮನ್ನ ಬೈಯಲ್ಲ ಸಾಮಿ. ಬ್ಯಾರೆ ಯಾರೂ ಅಲ್ಲೀಗಂಟ ನಡಕಂಡು ಬತ್ತಿರ್ಲಿಲ್ಲ."

ಚಿತ್ತಯ್ಯ ಬೈದಿದ್ದರೆ, ಕಲ್ಲು ತೂರಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ. "ಎಲ್ಲಿಗೆ ಹೋಗ್ತೀರಮ್ಮ?" ಎಂದ. ಅವಳು ಗಂಡನ ಮುಖ ನೋಡಿದಳು. ಗಂಡ, "ನೋಡಾಣ," ಎಂದ.

ಉಳಿದ ಗುಡಿಸಲುಗಳನ್ನು ಮರುದಿನ ಕೀಳುವುದಿತ್ತು. ಏಕಾಂತಪ್ಪ ಜ್ವರವೆಂದು ರಜ ಹಾಕಿದ. ಜ್ವರ ನಿಜವಾಗಿ ಬಂದಿತ್ತೋ ಇಲ್ಲವೋ, ಕಮಲಮ್ಮ ಹಣೆ ಮುಟ್ಟಿ ನೋಡಿ ಒಲೆಯ ಕಡೆ ಹೋದಳು.

ಅವನ ಕೆಲಸ ಮುಂದುವರಿಯಿತು. ಮೂರು ತಿಂಗಳ ಮೇಲೆ ಒಂದು ಭಾನುವಾರ ಧೈರ್ಯ ಮಾಡಿ ಹೊಸ ಬಡಾವಣೆಗೆ ಹೋದ. ಒಂದು ಕೈಪಂಪು ಕೆಟ್ಟು ನಿಂತಿತ್ತು. ಗಿರಣಿಗೆ ನಾಲ್ಕು ಮೈಲಿಯಾಗುತ್ತದೆಂದು ಗಂಡಸರು ವಾರಗಟ್ಟಲೆ ಊರಲ್ಲೇ ಉಳಿಯುತ್ತಿದ್ದರು. ಕೆಲವು ನಿವೇಶನಗಳಲ್ಲಿ ಸುಣ್ಣದ ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಆ ಜನ ವಾಪಸು ಹೋಗಿ ಕೆರೆಯ ಇನ್ನೊಂದು ದಡದಲ್ಲಿ ಸೋಗೆ ಹಾಕಿಕೊಂಡಿದ್ದರು. ಕಾಟಲಿಂಗಪ್ಪ ಚಾಪೆ ಹಾಕಿ ಕೂರಿಸಿದ. ಗಂಗಕ್ಕ ಒಳಗಿನಿಂದ ಹೊರಗೆ ಬರಲಿಲ್ಲ.

"ಹೊಸದುರ್ಗದ ಕಡೆ ರಸ್ತೆ ಕೆಲಸಕ್ಕೆ ಹೋದ್ರು ಅಂದ್ರು," ಎಂದ ಮುದುಕ. ಪಕ್ಕದ ಮನೆಯ ಜಯಕ್ಕ, "ಇಲ್ಲ ಬಿಡು ಮಾವ, ದಾವಣಗೆರೆ ಮಿಲ್ಲಿನ ತಾವ ನಮ್ಮಣ್ಣ ನೋಡ್ದ ಅಂತಿದ್ದ," ಎಂದಳು. ನೋಡಿದ್ದು ಚಿತ್ತಯ್ಯನನ್ನೋ, ಅವನಂಥ ಇನ್ನೊಬ್ಬನನ್ನೋ ಅವಳ ಅಣ್ಣನಿಗೆ ಖಾತ್ರಿಯಿರಲಿಲ್ಲ.

ಮುಂದಿನ ವರ್ಷ ಕೆರೆಯ ಇನ್ನೊಂದು ದಡದ ಗುಡಿಸಲುಗಳನ್ನೂ ಎಣಿಸಬೇಕೆಂದು ಆದೇಶ ಬಂತು. ಈ ಸಲವೂ ಏಕಾಂತಪ್ಪನನ್ನೇ ಕಳಿಸಿದರು. ಪ್ರತಿ ಬಾಗಿಲಲ್ಲೂ, ಇದು ನಿಮ್ಮ ಮನೆಯೇ, ನಾಳೆಯೂ ಇರುತ್ತದೆಯೇ ಎಂದು ಎರಡೆರಡು ಸಲ ಕೇಳಿದ. ಜನ ಅವನನ್ನು ವಿಚಿತ್ರವಾಗಿ ನೋಡಿದರು. ಆ ಪ್ರಶ್ನೆಗೆ ಉತ್ತರ ಅವರಿಗೂ ಗೊತ್ತಿರಲಿಲ್ಲ.

ಯಲ್ಲಕ್ಕ ಎಂಬ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಹೊಸದುರ್ಗದಲ್ಲಿ ಕೆಲಸಕ್ಕಿದ್ದ ಪರಿಚಯದವನೊಬ್ಬನಿಗೆ ಕಾಗದ ಬರೆದ. ಹಾಗೆ ಬಂದವರು ನೂರಾರು ಜನ, ಯಾರನ್ನೆಂದು ಹುಡುಕಲಿ ಎಂದು ಉತ್ತರ ಬಂತು. ದಾವಣಗೆರೆಗೂ ಒಮ್ಮೆ ಹೋಗಿ ಮಿಲ್ಲಿನ ಹಿಂದಿನ ಗುಡಿಸಲುಗಳಲ್ಲಿ ಅರ್ಧ ದಿನ ತಿರುಗಿ ಬಂದ. ಅವಳು ಎಲ್ಲಿದ್ದಾಳೆ, ತಲೆಯ ಮೇಲೆ ಸೂರಿದೆಯೇ ಎಂಬುದು ಅವನಿಗೆ ತಿಳಿಯಲಿಲ್ಲ. ಆ ಹೆಣ್ಣುಕೂಸಿಗೆ ಏನು ಹೆಸರಿಟ್ಟರೆಂಬುದೂ ಗೊತ್ತಿಲ್ಲ. ಬಸ್ಸಿನಲ್ಲಿ ಅಷ್ಟು ಹೊತ್ತು ಜೊತೆಗಿದ್ದರೂ ಅವನು ಕೇಳಿರಲಿಲ್ಲ.